ಡೆಸ್ಕ್‌ಟಾಪ್ ಒಳಗಿನ ವೈರುಗಳಿಗೆ ಸ್ಲೀವ್ ಹಾಕುವುದು: ಒಂದು ಸಲಕ್ಕೆ ಒಂದೇ ಪಿನ್

ವೈರಿನ ಮೇಲೆ ಸ್ಲೀವ್, ಅಂದರೆ ನೇಯ್ದ ಹೊದಿಕೆ, ಹಾಕಿದ ಮಾತ್ರಕ್ಕೆ ಕಂಪ್ಯೂಟರ್ ತಣ್ಣಗಾಗುವುದಿಲ್ಲ, ವೇಗವೂ ಹೆಚ್ಚುವುದಿಲ್ಲ. ಇದು ನೋಟಕ್ಕಾಗಿ ಮಾಡುವ ಕೆಲಸ. ಹಾಗಾಗಿ ಗಾಜಿನ ಬಾಗಿಲಿನಿಂದ ಕಾಣುವ ಮೂರು ಕೇಬಲ್‌ಗಳಿಗೆ ಮಾತ್ರ ಹಾಕಿ: ಮದರ್‌ಬೋರ್ಡಿನ 24 ಪಿನ್, ಸಿಪಿಯುವಿನ 8 ಪಿನ್, ಗ್ರಾಫಿಕ್ಸ್ ಕಾರ್ಡಿನ 8 ಪಿನ್. ಡ್ರೈವುಗಳಿಗೆ ವಿದ್ಯುತ್ ಕೊಡುವ ಸಾಟಾ ಪವರ್ ಕೇಬಲ್ ಹೇಗೂ ಹಿಂಬದಿಯಲ್ಲಿ ಮರೆಯಾಗಿರುತ್ತದೆ, ಅದನ್ನು ಬಿಟ್ಟುಬಿಡಿ. ಹೊಸ ಗ್ರಾಫಿಕ್ಸ್ ಕಾರ್ಡುಗಳ 16 ಪಿನ್ ಕೇಬಲ್ಲನ್ನಂತೂ ಬಿಚ್ಚಲೇಬೇಡಿ. 600 ವ್ಯಾಟ್‌ವರೆಗೂ ಹೊರುವ ಸಣ್ಣ ಪಿನ್‌ಗಳವು. ಒಂದು ಸಡಿಲವಾದರೂ ಪ್ಲಾಸ್ಟಿಕ್ ಕರಗಬಹುದು.

ಮೊದಲು ಲೆಕ್ಕ. 24 ಪಿನ್ ಎಂದರೂ, ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆಗಳಾದ ಈಗಿನ ಎಸ್‌ಎಂಪಿಎಸ್‌ಗಳಲ್ಲಿ 20ನೇ ಪಿನ್ ಖಾಲಿ, ಹಾಗಾಗಿ ವೈರು 23. ಉಳಿದೆರಡರಲ್ಲಿ ಎಂಟೆಂಟು. ಒಟ್ಟು 39 ವೈರು, ತಲಾ 60 ಸೆಂ.ಮೀ. ಎಂದರೆ 23.4 ಮೀಟರ್. ಹಾಳಾಗುವುದನ್ನೂ ಸೇರಿಸಿ 30 ಮೀಟರ್ ಸ್ಲೀವ್ ತನ್ನಿ. ಹೀಟ್ ಶ್ರಿಂಕ್ ಟ್ಯೂಬು ವೈರಿಗೆ 15 ಮಿ.ಮೀ.ನ ಎರಡು ತುಂಡು, ಅಂದರೆ 1.2 ಮೀಟರಿನಷ್ಟು, 2 ಮೀಟರ್ ಇರಲಿ. ಬಿಸಿಗೆ ಮೂರನೇ ಒಂದು ಭಾಗಕ್ಕೆ ಕುಗ್ಗುವ, 4.8 ಮಿ.ಮೀ. ಅಗಲದ ಟ್ಯೂಬೇ ಬೇಕು. ಅರ್ಧಕ್ಕೆ ಮಾತ್ರ ಕುಗ್ಗುವುದು ಸ್ಲೀವಿನ ಮೇಲೆ ತೂರಿದರೂ ವೈರನ್ನು ಬಿಗಿಯಾಗಿ ಹಿಡಿಯುವುದಿಲ್ಲ.

ಸ್ಲೀವಿನಲ್ಲಿ ಎರಡು ಬಗೆ. ಪ್ಲಾಸ್ಟಿಕ್ ಎಳೆಯ ಬಲೆಯಂಥದ್ದು ಹಿಗ್ಗುತ್ತದೆ, ಸುಲಭವಾಗಿ ತೂರುತ್ತದೆ, ಆದರೆ ಬಾಗಿದಲ್ಲಿ ಒಳಗಿನ ಹಳದಿ, ಕೆಂಪು ಬಣ್ಣ ಇಣುಕುತ್ತದೆ. ಪ್ಯಾರಾಕಾರ್ಡ್ 550 ಎಂಬ ನೈಲಾನ್ ಹಗ್ಗದ ಒಳ ಎಳೆಗಳನ್ನು ಎಳೆದು ಹಾಕಿದರೆ ಸಿಗುವ ಪೊಳ್ಳು ಹೊದಿಕೆ ಮೆತ್ತಗಿರುತ್ತದೆ, ಬಣ್ಣವನ್ನೂ ಪೂರ್ತಿ ಮುಚ್ಚುತ್ತದೆ. 18 ಗೇಜಿನ ವೈರಿಗೆ ಇದೇ ಒಳ್ಳೆಯದು. ವೈರು ಅದಕ್ಕಿಂತ ದಪ್ಪದ 16 ಗೇಜಾದರೆ ತೂರಿಸುವಷ್ಟರಲ್ಲಿ ಬೆರಳು ನೋಯುತ್ತದೆ. ಅಲ್ಲಿ ಬಲೆಯೇ ವಾಸಿ.

ಪ್ಲಗ್ ಕಿತ್ತು, ಮಾಡ್ಯುಲರ್ (ಕೇಬಲ್ ಬಿಡಿಸಿ ತೆಗೆಯಬಹುದಾದದ್ದು) ಆಗಿದ್ದರೆ ಕೇಬಲ್ಲನ್ನೂ ಎಸ್‌ಎಂಪಿಎಸ್‌ನಿಂದ ಬಿಡಿಸಿಕೊಳ್ಳಿ. ಮಾಡ್ಯುಲರ್ ಅಲ್ಲದಿದ್ದರೆ ವೈರು ಹೊರಬರುವ ತೂತಿನವರೆಗೆ ಮಾತ್ರ ನಿಮ್ಮ ಕೆಲಸ. ಪೆಟ್ಟಿಗೆಯನ್ನು ತೆರೆಯಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ. ಇನ್ನು ಎರಡೂ ತುದಿಯ ಕನೆಕ್ಟರುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಎಲ್ಲ ವೈರೂ ಕಪ್ಪಾಗಿದ್ದರೆ ಗುರುತು ಹಿಡಿಯಲು ಬೇರೆ ದಾರಿಯಿಲ್ಲ. ಫೋಟೋ ಇದೆಯೆಂದು ನಾಲ್ಕೈದು ವೈರನ್ನು ಒಟ್ಟಿಗೆ ಬಿಚ್ಚಬೇಡಿ: ಒಂದನ್ನು ತೆಗೆದು, ಸ್ಲೀವ್ ಹಾಕಿ, ಅದೇ ಜಾಗದಲ್ಲಿ ಕೂರಿಸಿದ ಮೇಲೆಯೇ ಮುಂದಿನದು.

ಪಿನ್ ತೆಗೆಯುವುದೇ ಇಡೀ ಕೆಲಸದ ನಾಜೂಕು. ಕನೆಕ್ಟರಿನೊಳಗಿನ ಲೋಹದ ಟರ್ಮಿನಲ್ಲಿಗೆ ಎರಡು ಪಕ್ಕದಲ್ಲಿ ಚಿಕ್ಕ ರೆಕ್ಕೆಗಳಿರುತ್ತವೆ, ಅವೇ ಅದನ್ನು ಹಿಡಿದಿಡುವುದು. ಮೊದಲು ವೈರನ್ನು ಒಳಕ್ಕೆ ಕೊಂಚ ತಳ್ಳಿ, ಆಗ ರೆಕ್ಕೆಗಳ ಮೇಲಿನ ಒತ್ತಡ ತಪ್ಪುತ್ತದೆ. ಎರಡು ಕಡ್ಡಿಯ ಪಿನ್ ತೆಗೆಯುವ ಉಪಕರಣವನ್ನು ಮದರ್‌ಬೋರ್ಡಿಗೆ ಸಿಕ್ಕಿಸುವ ಮುಖದ ಕಡೆಯಿಂದ ಕೊನೆಮುಟ್ಟ ತೂರಿಸಿ, ಆಮೇಲೆ ವೈರನ್ನು ಮೆಲ್ಲಗೆ ಎಳೆಯಿರಿ. ಬರದಿದ್ದರೆ ಜೋರು ಮಾಡಬೇಡಿ. ಒಂದು ರೆಕ್ಕೆ ಇನ್ನೂ ಮಡಚಿಲ್ಲ ಎಂದರ್ಥ. ಜಗ್ಗಿದರೆ ಟರ್ಮಿನಲ್ ಅಲ್ಲೇ ಉಳಿದು ಬರೀ ವೈರು ಕೈಗೆ ಬರುತ್ತದೆ. ಆಗ ಹೊಸ ಟರ್ಮಿನಲ್ಲೂ ಬೇಕು, ಅದನ್ನು ವೈರಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಇಕ್ಕಳವೂ ಬೇಕು.

ಟರ್ಮಿನಲ್ ಹೊರಬಂದ ಮೇಲೆ ಅದಕ್ಕೆ ಒಂದು ಸುತ್ತು ಟೇಪ್ ಹಚ್ಚಿ, ಇಲ್ಲದಿದ್ದರೆ ರೆಕ್ಕೆಗೆ ಸ್ಲೀವಿನ ಎಳೆ ಸಿಕ್ಕಿಕೊಳ್ಳುತ್ತದೆ. ಎಸ್‌ಎಂಪಿಎಸ್ ಕಡೆಯ ತುದಿ ಕಾಣುವುದಿಲ್ಲ, ಅದನ್ನು ಬಿಚ್ಚುವ ಗೋಜು ಬೇಡ: ಮೊದಲು ಒಂದು ಶ್ರಿಂಕ್ ತುಂಡನ್ನು ಆ ತುದಿಯವರೆಗೆ ಸರಿಸಿ, ಹಿಂದೆಯೇ ಸ್ಲೀವನ್ನು ಬಿಡಿ. ಪೈಜಾಮಕ್ಕೆ ಲಾಡಿ ಪೋಣಿಸುವ ಹಾಗೆ ಸುಕ್ಕು ಮಾಡಿ ಮುಂದೂಡುತ್ತ ಹೋದರೆ ಸಲೀಸಾಗಿ ಸಾಗುತ್ತದೆ. ಎಳೆದರೆ ಬಿಗಿಯಾಗಿ ನಿಂತುಬಿಡುತ್ತದೆ. ಆ ತುದಿಗೆ ಶ್ರಿಂಕ್ ಕೂರಿಸಿ ಬಿಸಿ ಕೊಟ್ಟ ಮೇಲೆ ಸ್ಲೀವನ್ನು ಈ ಕಡೆ ಬಿಗಿಯಾಗಿ ಎಳೆದು ಹಿಡಿದು ಕತ್ತರಿಸಿ, ತುದಿಯನ್ನು ಬೆಂಕಿಗೆ ಸೋಕಿಸಿ. ಲೈಟರಾದರೆ ಜ್ವಾಲೆಯ ಬುಡದ ನೀಲಿ ಭಾಗವೇ ಸಾಕು. ಹಳದಿ ತುದಿ ಬಿಳಿ ಸ್ಲೀವಿಗೆ ಮಸಿ ಬಳಿಯುತ್ತದೆ.

ಟೇಪ್ ತೆಗೆದು ಎರಡನೇ ಶ್ರಿಂಕ್ ತುಂಡನ್ನು ಅರ್ಧ ಸ್ಲೀವಿನ ಮೇಲೆ, ಅರ್ಧ ಟರ್ಮಿನಲ್ಲಿನ ಕ್ರಿಂಪಿನ ಮೇಲೆ ಬರುವಂತೆ ಕೂರಿಸಿ. ಅದು ರೆಕ್ಕೆಗಳ ಹಿಂದೆಯೇ ನಿಲ್ಲಬೇಕು, ಒಂದು ಮಿಲಿಮೀಟರ್ ಮುಂದೆ ಹೋದರೂ ಟರ್ಮಿನಲ್ ಕ್ಲಿಕ್ ಆಗುವುದಿಲ್ಲ. ಹೊರತೆಗೆಯುವಾಗ ಮಡಚಿದ ರೆಕ್ಕೆಗಳನ್ನು ಬ್ಲೇಡಿನ ಮೊನೆಯಿಂದ ಮತ್ತೆ ಹೊರಕ್ಕೆ ಬಿಡಿಸಿ. ಬಹಳ ಜನ ಮರೆಯುವುದು ಇದನ್ನೇ. ಮರೆತರೆ ಕನೆಕ್ಟರನ್ನು ಮದರ್‌ಬೋರ್ಡಿಗೆ ಒತ್ತುವಾಗ ಆ ಪಿನ್ ಹಿಂದಕ್ಕೆ ಜಾರುತ್ತದೆ. ಕಂಪ್ಯೂಟರ್ ಒಮ್ಮೆ ಆನ್ ಆಗುತ್ತದೆ, ಒಮ್ಮೆ ಆಗುವುದಿಲ್ಲ. ಕೂರಿಸಿದ ಮೇಲೆ ಪ್ರತಿ ವೈರನ್ನೂ ಮೆಲ್ಲಗೆ ಎಳೆದು ನೋಡಿ.

24 ಪಿನ್ ಕನೆಕ್ಟರಿನ 13ನೇ ಪಿನ್ನಿನಲ್ಲಿ ಕೆಲವೊಮ್ಮೆ ಎರಡು ವೈರು ಸೇರಿರುತ್ತವೆ. ತೆಳ್ಳನೆಯದು 3.3 ವೋಲ್ಟನ್ನು ಅಳೆದು ಎಸ್‌ಎಂಪಿಎಸ್‌ಗೆ ತಿಳಿಸುವ ವೈರು, ಕತ್ತರಿಸಬೇಡಿ. ಎರಡಕ್ಕೂ ಬೇರೆ ಬೇರೆ ಸ್ಲೀವ್ ಹಾಕಿ, ತುದಿಯಲ್ಲಿ ಒಂದೇ ಶ್ರಿಂಕಿನಲ್ಲಿ ಸೇರಿಸಿ.

ಮದರ್‌ಬೋರ್ಡಿಗೆ ಹಾಕುವ ಮುನ್ನ ಪರೀಕ್ಷೆ ಮಾಡಿ. ಎಸ್‌ಎಂಪಿಎಸ್‌ಗೆ 24 ಪಿನ್ ಕೇಬಲ್ ಮಾತ್ರ ಸಿಕ್ಕಿಸಿ, ಸ್ವಿಚ್ ಆಫ್ ಇರುವಾಗಲೇ ಆನ್ ಆಗಲು ಸೂಚಿಸುವ 16ನೇ ಪಿನ್ನನ್ನು ಪಕ್ಕದ 17ನೇ ಗ್ರೌಂಡ್ ಪಿನ್ನಿಗೆ ತಂತಿ ತುಂಡಿನಿಂದ ಜೋಡಿಸಿ, ಆಮೇಲೆ ಆನ್ ಮಾಡಿ. ಮಲ್ಟಿಮೀಟರಿನಲ್ಲಿ 10 ಮತ್ತು 11ನೇ ಪಿನ್ 11.4ರಿಂದ 12.6 ವೋಲ್ಟಿನೊಳಗೆ, 9ನೇ ಪಿನ್ 4.75ರಿಂದ 5.25ರೊಳಗೆ ಇರಬೇಕು. ಸಿಪಿಯು ಮತ್ತು ಗ್ರಾಫಿಕ್ಸ್ 8 ಪಿನ್‌ಗಳಲ್ಲಿ 12 ವೋಲ್ಟ್ ಮತ್ತು ಗ್ರೌಂಡಿನ ಸಾಲು ತಿರುವುಮುರುವು, ಅವೆರಡನ್ನು ಅದಲುಬದಲು ಮಾಡಿದರೆ ಶಾರ್ಟ್ ಆಗುತ್ತದೆ. ಬೇರೆ ಎಸ್‌ಎಂಪಿಎಸ್‌ನ ಮಾಡ್ಯುಲರ್ ಕೇಬಲ್ಲನ್ನೂ ಇದಕ್ಕೆ ಹಾಕಬೇಡಿ. ಪೆಟ್ಟಿಗೆ ಕಡೆಯ ಪಿನ್ ಜೋಡಣೆಗೆ ಯಾವ ಸಾಮಾನ್ಯ ನಿಯಮವೂ ಇಲ್ಲ.

ಇನ್ನು ಜೋಡಣೆ. ಸಿಪಿಯು ಕೇಬಲ್ಲನ್ನು ಎಲ್ಲಕ್ಕಿಂತ ಮೊದಲು ಮೇಲಿನ ಮೂಲೆಯ ತೂತಿನಿಂದ ತನ್ನಿ. ಕೂಲರ್ ಹಾಕಿದ ಮೇಲೆ ಅಲ್ಲಿ ಕೈ ಹೋಗದು. ಆಮೇಲೆ 24 ಪಿನ್, ಮುಂಭಾಗದ ಸ್ವಿಚ್ಚಿನ ವೈರುಗಳು, ಫ್ಯಾನುಗಳು, ಕೊನೆಗೆ ಗ್ರಾಫಿಕ್ಸ್ ಕಾರ್ಡ್. 24 ಪಿನ್ ಕೇಬಲ್ಲಿಗೆ ವೈರುಗಳನ್ನು ಸಾಲಾಗಿ ಹಿಡಿದಿಡುವ ಮೂರು ಬಾಚಣಿಗೆ ಕ್ಲಿಪ್ ಸಾಕು. ಬಾಗುವಲ್ಲಿ ಹೊರಸಾಲಿನ ವೈರು ಉದ್ದ, ಒಳಸಾಲಿನದು ಗಿಡ್ಡ ಬೇಕಾಗುವುದರಿಂದ ಕ್ಲಿಪ್ ಹಾಕುತ್ತಲೇ ಬಗ್ಗಿಸಿ. ಹಿಂಬದಿಯಲ್ಲಿ ಜಿಪ್ ಟೈಗಿಂತ ವೆಲ್ಕ್ರೋ ಪಟ್ಟಿ ಮೇಲು, ನಾಳೆ ಒಂದು ಡ್ರೈವ್ ಸೇರಿಸಬೇಕಾದರೆ ಎಲ್ಲವನ್ನೂ ಕತ್ತರಿಸುವ ಪ್ರಮೇಯ ಬರುವುದಿಲ್ಲ. ಹಿಂದಿನ ಬಾಗಿಲು ಮುಚ್ಚದೆ ಉಬ್ಬಿದರೆ ಒತ್ತಬೇಡಿ: ದಪ್ಪ ಕೇಬಲ್ಲುಗಳು ಎಲ್ಲೋ ಒಂದರ ಮೇಲೊಂದು ಕೂತಿವೆ, ಅವುಗಳನ್ನು ಪಕ್ಕಪಕ್ಕಕ್ಕೆ ಸರಿಸಿ ಮತ್ತೆ ಮುಚ್ಚಿ.