ಸೊರಗಿದ ಜೇನುಪೆಟ್ಟಿಗೆ: ಮೊದಲು ಜಾಗ ಕಡಿಮೆ ಮಾಡಿ

ಸುಳ್ಯದ ಕಡೆ ನಾವು ಸಾಕುವುದು ತುಡುವೆ ಜೇನು. ಫೆಬ್ರವರಿ, ಮಾರ್ಚ್‌ನಲ್ಲಿ ರಬ್ಬರ್ ಚಿಗುರುವಾಗ ಪೆಟ್ಟಿಗೆ ತುಂಬ ನೊಣ ಇರುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಅದೇ ಪೆಟ್ಟಿಗೆ ಇಳಿಯುತ್ತಾ ಹೋಗುತ್ತದೆ. ಹೊಸದಾಗಿ ಜೇನು ಸಾಕುವವರು ನನಗೆ ಜಾಸ್ತಿ ಫೋನ್ ಮಾಡುವುದು ಜುಲೈ, ಆಗಸ್ಟ್‌ನಲ್ಲೇ. "ಅಣ್ಣಾ, ನೊಣ ಕಡಿಮೆ ಆಗಿದೆ. ಸಕ್ಕರೆ ಪಾಕ ಕೊಡ್ತಾ ಇದ್ದೇನೆ, ಆದ್ರೂ ಏಳ್ತಾ ಇಲ್ಲ" ಅನ್ನುತ್ತಾರೆ. ಹೋಗಿ ನೋಡಿದರೆ ಹೆಚ್ಚಿನ ಕಡೆ ಕಾಣುವುದು ಒಂದೇ. ಬೇಸಿಗೆಯಲ್ಲಿ ಇಟ್ಟ ಜೇನು ಕೋಣೆ, ಅಂದರೆ ನಾವು ತೆಗೆಯುವ ಜೇನು ತುಂಬುವ ಅಂತಸ್ತು, ಹಾಗೇ ಮೇಲಿರುತ್ತದೆ. ಕೆಳಗೆ ರಾಣಿ, ಮರಿ ಇರುವ ಎಂಟು ಚೌಕಟ್ಟಿನ ಸಂಸಾರ ಕೋಣೆ. ನೊಣ ಇರುವುದು ಎರಡು ಮೂರು ಎರಿಗಳ (ಚೌಕಟ್ಟಿನಲ್ಲಿ ನೊಣ ಕಟ್ಟುವ ಮೇಣದ ಹಲ್ಲೆಗಳ) ಮೇಲೆ ಮಾತ್ರ.

ಅಷ್ಟು ಜಾಗವನ್ನು ಅಷ್ಟೇ ನೊಣ ಕಾಯಲು ಆಗುವುದಿಲ್ಲ. ಮರಿ ಬೆಳೆಯಬೇಕಾದರೆ ಎರಿಗಳ ನಡುವೆ 34–35 ಡಿಗ್ರಿ ಕಾವು ಬೇಕು. ಆ ಕಾವು ಕೊಡುವುದು ಮೈಗೆ ಮೈ ತಾಗಿಸಿ ಕೂತ ನೊಣಗಳು. ಜಾಗ ಜಾಸ್ತಿಯಾದರೆ ಕಾವು ಸೋರಿ ಹೋಗುತ್ತದೆ, ತೇವ ಕೂರುತ್ತದೆ, ನೊಣ ಮುಚ್ಚದ ಎರಿಗೆ ಮೇಣದ ಚಿಟ್ಟೆ ಬಂದು ಮೊಟ್ಟೆ ಇಡುತ್ತದೆ. ಹಾಗಾಗಿ ಸೊರಗಿದ ಪೆಟ್ಟಿಗೆಗೆ ನಾನು ಮೊದಲು ಮಾಡುವ ಕೆಲಸ ಜಾಗ ಕಡಿಮೆ ಮಾಡುವುದು. ಪಾಕ, ರಾಣಿ ಎಲ್ಲ ಆಮೇಲೆ.

ಪಕ್ಕದ ತೋಟದ ಹುಡುಗನ ಪೆಟ್ಟಿಗೆಯನ್ನು ಹೋದ ಮಳೆಗಾಲದಲ್ಲಿ ಹೀಗೇ ಸರಿ ಮಾಡಿದೆವು. ಅವನು ದಿನಾ ಮುಚ್ಚಳ ತೆಗೆದು ನೋಡುತ್ತಿದ್ದ. ಪ್ರೀತಿಯಿಂದಲೇ ನೋಡುತ್ತಿದ್ದ, ಅದರಲ್ಲಿ ಸಂಶಯ ಇಲ್ಲ. ಆದರೆ ಪ್ರತಿ ಸಲ ತೆರೆದಾಗ ಕಾವು ಹೋಗುತ್ತದೆ. ತುಡುವೆಗಂತೂ ಪದೇ ಪದೇ ಕೈ ಹಾಕಿದರೆ ಆಗುವುದೇ ಇಲ್ಲ, ಗೂಡು ಬಿಟ್ಟು ಓಡುತ್ತದೆ. ನಾನು ಮೊದಲು ಅವನನ್ನು ಪೆಟ್ಟಿಗೆಯ ಬಾಗಿಲ ಹತ್ತಿರ ಒಂದು ಪಕ್ಕದಲ್ಲಿ ಕೂರಿಸಿದೆ. ಮಳೆ ಬಿಟ್ಟು ಸ್ವಲ್ಪ ಬಿಸಿಲು ಬಂದಿತ್ತು. ಕಾಲಿಗೆ ಪರಾಗದ ಉಂಡೆ ಅಂಟಿಸಿಕೊಂಡ ನೊಣ ಒಳಗೆ ಹೋಗುತ್ತಿದೆಯಾ ಅಂತ ನೋಡಲು ಹೇಳಿದೆ. ಮಳೆಗಾಲದಲ್ಲೂ ನಾಚಿಕೆ ಮುಳ್ಳಿನ ಹೂವು, ಅಡಿಕೆ, ತೆಂಗಿನ ಹಿಂಗಾರದಿಂದ ಒಂದಿಷ್ಟು ಪರಾಗ ಬರುತ್ತದೆ. ಪರಾಗ ಹೋಗುತ್ತಿದ್ದರೆ ಒಳಗೆ ಸಾಮಾನ್ಯವಾಗಿ ಮರಿ ಇದೆ ಅಂತ ಲೆಕ್ಕ. ಬೇರೆ ಪೆಟ್ಟಿಗೆಗಳಿಗೆ ಹೋಗುತ್ತಿದ್ದು ಇದಕ್ಕೊಂದಕ್ಕೇ ಬರುತ್ತಿಲ್ಲ ಅಂದರೆ ರಾಣಿಯ ಬಗ್ಗೆ ಯೋಚನೆ ಮಾಡಬೇಕು. ಅವನ ಪೆಟ್ಟಿಗೆಗೆ ಅಪರೂಪಕ್ಕೆ ಒಂದೊಂದು ಹೋಗುತ್ತಿತ್ತು.

ಆಮೇಲೆ ಅಡಿಹಲಗೆ ಎಳೆದು ನೋಡಿದೆವು. ಮೇಣದ ಪುಡಿ, ಅದರ ನಡುವೆ ಕಪ್ಪು ಕಾಳಿನಂಥ ಹಿಕ್ಕೆ, ಮೂಲೆಯಲ್ಲಿ ಬಿಳಿ ಬಲೆ. ಅದು ಮೇಣದ ಹುಳ, ಮೇಣದ ಚಿಟ್ಟೆಯ ಮೊಟ್ಟೆಯಿಂದ ಬಂದದ್ದು. ಹೊಸಬರು ಇಲ್ಲಿ ಹುಳವನ್ನು ಹೆಕ್ಕಿ ಸಾಯಿಸಿ ಎರಿಯನ್ನು ವಾಪಸು ಇಡುತ್ತಾರೆ. ಅದರಿಂದ ಪ್ರಯೋಜನ ಇಲ್ಲ. ಎರಿಯ ನಡುಗೋಡೆಯೊಳಗೆ ಸುರಂಗ ಮಾಡಿಕೊಂಡ ಹುಳ ಕಣ್ಣಿಗೆ ಬೀಳುವುದೇ ಇಲ್ಲ. ಬಲವಾದ ಕುಟುಂಬ ಇದ್ದರೆ ನೊಣಗಳೇ ಹುಳವನ್ನು ಹೊರಗೆ ಹಾಕುತ್ತವೆ. ಪೆಟ್ಟಿಗೆ ಮೊದಲೇ ಸೊರಗಿದ್ದಕ್ಕೆ ಹುಳ ಬಂದಿದೆ ಅಂತ ಅರ್ಥ ಮಾಡಿಕೊಂಡರೆ ಮುಂದಿನ ದಾರಿ ಸುಲಭ. ಜೇನು ಕೋಣೆ ತೆಗೆದೆವು. ನೊಣ ಇಲ್ಲದ ಕಪ್ಪು ಎರಿಗಳನ್ನೆಲ್ಲ ತೆಗೆದು ಅವತ್ತೇ ಕರಗಿಸಿದೆವು. ನೊಣ ದಟ್ಟವಾಗಿ ಕೂತ ಮೂರು ಎರಿಗಳನ್ನು ಒತ್ತಾಗಿ ಒಂದು ಬದಿಗೆ ತಂದು, ಪಕ್ಕದಲ್ಲಿ ಒಂದು ಹಲಗೆಯನ್ನು ಗೋಡೆಯ ಹಾಗೆ ನಿಲ್ಲಿಸಿದೆವು. ಅಡಿಹಲಗೆಯನ್ನು ಕೆರೆದು, ಒರೆಸಿ ಇಟ್ಟೆವು. ಬಾಗಿಲನ್ನು ಎರಡು ಮೂರು ನೊಣ ಒಟ್ಟಿಗೆ ಹೋಗುವಷ್ಟು ಸಣ್ಣ ಮಾಡಿದೆವು. ಸ್ಟ್ಯಾಂಡಿನ ಕಾಲಿನ ಬಟ್ಟಲು ಒಣಗಿತ್ತು, ನೀರು ತುಂಬಿಸಿದೆವು. ಮಳೆಗಾಲ ಅಲ್ವಾ, ನೀರು ಇದ್ದೇ ಇರುತ್ತದೆ ಅಂದುಕೊಳ್ಳುತ್ತಾರೆ. ಪೆಟ್ಟಿಗೆ ಮಾಡಿನ ಕೆಳಗೆ ಇದ್ದರೆ ಬಟ್ಟಲಿಗೆ ಒಂದು ಹನಿಯೂ ಬೀಳುವುದಿಲ್ಲ, ಇರುವೆ ಸೀದಾ ಹತ್ತುತ್ತದೆ.

ಪಾಕದ ವಿಷಯದಲ್ಲಿ ಅವನು ಮಾಡುತ್ತಿದ್ದುದು ತುಂಬ ಜನ ಮಾಡುವುದೇ. ಬೆಳಿಗ್ಗೆ ಹತ್ತು ಗಂಟೆಗೆ ಪೆಟ್ಟಿಗೆಯ ಮುಂದೆ ತಟ್ಟೆಯಲ್ಲಿ ಇಡುತ್ತಿದ್ದ. ಹಗಲಲ್ಲಿ ಹೊರಗೆ ಪಾಕ ಇಟ್ಟರೆ ಅಕ್ಕಪಕ್ಕದ ಬಲವಾದ ಪೆಟ್ಟಿಗೆಯ ನೊಣಗಳಿಗೆ ವಾಸನೆ ಸಿಗುತ್ತದೆ. ಅವು ತಟ್ಟೆ ಖಾಲಿ ಮಾಡಿ ಸುಮ್ನೆ ಹೋಗುವುದಿಲ್ಲ, ಒಳಗೆ ನುಗ್ಗಿ ಇರುವ ಜೇನನ್ನೂ ದೋಚುತ್ತವೆ. ನಾನು ಒಂದು ಲೋಟ ಸಕ್ಕರೆಗೆ ಒಂದು ಲೋಟ ಬಿಸಿನೀರು ಹಾಕಿ ಕದಡಿ, ಪೂರ್ತಿ ಆರಿದ ಮೇಲೆ, ಕತ್ತಲಾಗುವ ಹೊತ್ತಿಗೆ ಕೊಡುತ್ತೇನೆ. ಗೆರಟೆಯಲ್ಲಿ ಹಾಕಿ, ನೊಣ ಮುಳುಗದ ಹಾಗೆ ತೆಂಗಿನ ಗರಿಯ ಕಡ್ಡಿ ಮುರಿದು ಹಾಕಿ, ಪೆಟ್ಟಿಗೆಯ ಒಳಗೇ ಹಲಗೆಯ ಆಚೆ ಬದಿಯಲ್ಲಿ ಇಡುತ್ತೇನೆ. ಬೆಳಗಾಗುವಾಗ ಖಾಲಿ ಆಗುವಷ್ಟೇ ಕೊಡಬೇಕು. ಉಳಿದರೆ ಹುಳಿ ಬರುತ್ತದೆ, ಇರುವೆಯನ್ನೂ ಕರೆಯುತ್ತದೆ. ಬೆಲ್ಲದ ಪಾಕ ಬೇಡವೇ ಬೇಡ, ನೊಣಗಳಿಗೆ ಭೇದಿ ಆಗುತ್ತದೆ.

ಇನ್ನು ರಾಣಿ. ಹೊಸಬರು ರಾಣಿಯನ್ನು ಕಣ್ಣಾರೆ ನೋಡಲೇಬೇಕು ಅಂತ ಪ್ರತಿ ಎರಿಯನ್ನೂ ತಿರುಗಿಸಿ ತಿರುಗಿಸಿ ಹುಡುಕುತ್ತಾರೆ. ಅಷ್ಟು ಹೊತ್ತು ಮರಿಗೆ ಗಾಳಿ, ಚಳಿ. ನಾನು ಹುಡುಕುವುದು ಮೊಟ್ಟೆಯನ್ನು. ಬೆಳಕಿಗೆ ಬೆನ್ನು ಹಾಕಿ, ಎರಿಯನ್ನು ಸ್ವಲ್ಪ ಓರೆ ಹಿಡಿದರೆ ಕಣದ ತಳದಲ್ಲಿ ಬಿಳಿ ದಾರದ ತುಣುಕಿನಂತೆ ಮೊಟ್ಟೆ ಕಾಣುತ್ತದೆ. ಮೊಟ್ಟೆ ಒಡೆದು ಮರಿಯಾಗಲು 3 ದಿನ. ಕಣಕ್ಕೊಂದರಂತೆ ಸರಿಯಾಗಿ ತಳದಲ್ಲಿ ಮೊಟ್ಟೆ ಇದ್ದರೆ 3 ದಿನದ ಒಳಗೆ ರಾಣಿ ಅಲ್ಲಿ ಇದ್ದಾಳೆ, ಕೆಲಸ ಮಾಡಿದ್ದಾಳೆ ಅಂತಲೇ ಅರ್ಥ. ಅಲ್ಲಿಗೆ ಸಾಕು, ಪೆಟ್ಟಿಗೆ ಮುಚ್ಚಬಹುದು. ಒಂದೇ ಕಣದಲ್ಲಿ ಮೂರು ನಾಲ್ಕು ಮೊಟ್ಟೆ, ಅದೂ ಕಣದ ಗೋಡೆಗೆ ಅಂಟಿಕೊಂಡಿದ್ದರೆ ರಾಣಿ ಹೋಗಿ ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತಿವೆ. ಅದರಿಂದ ಹುಟ್ಟುವುದೆಲ್ಲ ಗಂಡುನೊಣ. ತುಡುವೆಯಲ್ಲಿ ಗಂಡುನೊಣದ ಕಣದ ಮುಚ್ಚಳ ಉಬ್ಬಿಕೊಂಡು, ನಡುವೆ ಸೂಜಿ ಚುಚ್ಚಿದಂಥ ತೂತು ಇರುತ್ತದೆ. ಇದನ್ನು ಕಂಡು ರೋಗ ಬಂತು ಅಂತ ಹೆದರಿ ಎರಿ ಕತ್ತರಿಸಿದವರನ್ನು ನೋಡಿದ್ದೇನೆ. ಬೇಸಿಗೆಯ ಮೊದಲು ಒಂದಷ್ಟು ಹಾಗಿರುವುದು ಆರೋಗ್ಯದ ಗುರುತು. ಸೊರಗಿದ ಪೆಟ್ಟಿಗೆಯಲ್ಲಿ ಬರೀ ಅದೇ ಇದ್ದರೆ ಮಾತ್ರ ಚಿಂತೆ.

ಹುಡುಗನ ಪೆಟ್ಟಿಗೆಯಲ್ಲಿ ಅಂಗೈ ಅಗಲದಷ್ಟು ಜಾಗದಲ್ಲಿ ಒಳ್ಳೆ ಮೊಟ್ಟೆ ಇತ್ತು. ರಾಣಿ ಇದ್ದಾಳೆ, ಮರಿಗೆ ಕಾವು ಕೊಡಲು ಮಾತ್ರ ನೊಣ ಸಾಲುತ್ತಿರಲಿಲ್ಲ. ಹಾಗಾಗಿ ನನ್ನ ಬಲವಾದ ಪೆಟ್ಟಿಗೆಯಿಂದ ಒಂದು ಎರಿ ಕೊಟ್ಟೆ. ಯಾವ ಎರಿ ಕೊಡುತ್ತೇವೆ ಅನ್ನುವುದೇ ಇಲ್ಲಿ ಮುಖ್ಯ. ಸೊರಗಿದ ಪೆಟ್ಟಿಗೆಗೆ ಮೊಟ್ಟೆ, ಎಳೆ ಮರಿ ತುಂಬಿದ ಎರಿ ಕೊಟ್ಟರೆ ಅದನ್ನು ಸಾಕುವವರು ಯಾರು? ಇರುವ ನಾಲ್ಕು ನೊಣಕ್ಕೆ ಅದು ಇನ್ನಷ್ಟು ಹೊರೆ. ಕಣಕ್ಕೆ ಮುಚ್ಚಳ ಬಿದ್ದು, ಇವತ್ತು ನಾಳೆ ನೊಣ ಹೊರಬರುವಂಥ ಮರಿಯ ಎರಿ ಕೊಡಬೇಕು. ಅದಕ್ಕೆ ಉಣಿಸುವ ಕೆಲಸ ಇಲ್ಲ, ಕಾವು ಸಿಕ್ಕರೆ ಸಾಕು. ಅಂಟಿದ ನೊಣಗಳನ್ನು ಅಲ್ಲೇ ಕೊಡವಿ, ರಾಣಿ ಬಂದಿಲ್ಲ ಅಂತ ನೋಡಿಕೊಂಡು, ಎರಿಯನ್ನು ಮಾತ್ರ ತರಬೇಕು. ಒಂದು ಸಲಕ್ಕೆ ಒಂದೇ.

ರಾಣಿ ಇಲ್ಲದಿದ್ದರೆ ದಾರಿ ಬೇರೆ. ಅಕ್ಟೋಬರ್ ಆಮೇಲೆ ಆದರೆ ಮೊಟ್ಟೆ, ಎಳೆ ಮರಿ ಇರುವ ಎರಿ ಕೊಟ್ಟು ನೊಣಗಳೇ ರಾಣಿ ಮಾಡಿಕೊಳ್ಳಲಿ ಅಂತ ಬಿಡಬಹುದು. ಆದರೆ ಜಡಿಮಳೆಯಲ್ಲಿ ಕನ್ಯೆ ರಾಣಿ ಗಂಡುನೊಣದ ಜೊತೆ ಕೂಡಲು ಹೊರಗೆ ಹಾರುವಷ್ಟು ಬಿಸಿಲು ಇರುವುದಿಲ್ಲ, ಊರಲ್ಲಿ ಗಂಡುನೊಣವೂ ಇರುವುದು ಕಷ್ಟ. ಆಗ ನಾನು ಹಟ ಹಿಡಿಯುವುದಿಲ್ಲ, ಇನ್ನೊಂದು ಪೆಟ್ಟಿಗೆಗೆ ಸೇರಿಸಿಬಿಡುತ್ತೇನೆ. ಸಂಜೆ, ರಾಣಿ ಇರುವ ಪೆಟ್ಟಿಗೆಯ ಮೇಲೆ ಸೂಜಿಯಿಂದ ಚುಚ್ಚಿದ ಪೇಪರ್ ಹಾಳೆ ಹಾಸಿ, ಅದರ ಮೇಲೆ ಇದನ್ನು ಇಡುವುದು. ಅವು ಪೇಪರ್ ಕಡಿದು ಒಂದಾಗುವಷ್ಟರಲ್ಲಿ ವಾಸನೆ ಬೆರೆತು ಜಗಳ ಇರುವುದಿಲ್ಲ.

ಆದರೆ ಸೇರಿಸುವ ಮೊದಲು, ಎರಿ ಕೊಡುವ ಮೊದಲು ಮರಿಯನ್ನು ನೋಡಿ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ನಮ್ಮ ಕಡೆಯ ತುಡುವೆ ಪೆಟ್ಟಿಗೆಗಳು ಸಾಲು ಸಾಲಾಗಿ ಖಾಲಿಯಾದದ್ದನ್ನು ಹಿರಿಯರು ಇನ್ನೂ ಹೇಳುತ್ತಾರೆ. ಈಗಲೂ ಅಲ್ಲಲ್ಲಿ ಬರುತ್ತದೆ. ಮುಚ್ಚಳ ತೆಗೆದ ಕಣದಲ್ಲಿ ಮರಿ ತಲೆ ಮೇಲೆತ್ತಿ ಸತ್ತಿರುತ್ತದೆ. ಮುಳ್ಳಿನಿಂದ ಎತ್ತಿದರೆ ಒಳಗೆ ನೀರು ತುಂಬಿದ ಚೀಲವಾಗಿ ಇಡಿಯಾಗಿ ಬರುತ್ತದೆ. ಇದು ವೈರಸ್, ಮದ್ದು ಇಲ್ಲ. ಯಾರೋ ಹೇಳಿದರು ಅಂತ ಪಾಕಕ್ಕೆ ಆಂಟಿಬಯೋಟಿಕ್ ಪುಡಿ ಹಾಕುವವರಿದ್ದಾರೆ. ದಯವಿಟ್ಟು ಹಾಕಬೇಡಿ. ರೋಗಕ್ಕೆ ತಾಗುವುದಿಲ್ಲ, ಜೇನಿನಲ್ಲಿ ಉಳಿಯುತ್ತದೆ. ರೋಗದ ಎರಿ ತೆಗೆದು, ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿ, ಪಾಕ ಕೊಟ್ಟು ಕಾಯಬೇಕು. ಆ ಪೆಟ್ಟಿಗೆಯ ಎರಿ, ಚಾಕು ಯಾವುದೂ ಇನ್ನೊಂದಕ್ಕೆ ಹೋಗಬಾರದು. ಬೇರೆ ಪೆಟ್ಟಿಗೆಗಳನ್ನೆಲ್ಲ ನೋಡಿ ಆದ ಮೇಲೆ ಕೊನೆಗೆ ಆ ಪೆಟ್ಟಿಗೆಯನ್ನು ನೋಡಿ, ಕೈಯನ್ನು ಸೋಪಿನಲ್ಲಿ ತೊಳೆಯಿರಿ.

ಹುಡುಗನ ಪೆಟ್ಟಿಗೆ ಮಳೆ ಕಡಿಮೆಯಾಗುವ ಹೊತ್ತಿಗೆ ಚೇತರಿಸಿತು. ಹಲಗೆಯ ಮೇಲೆಲ್ಲ ನೊಣ ಹತ್ತಿ ಕೂತಾಗ ಒಂದು ಚೌಕಟ್ಟು ಸೇರಿಸಿದೆವು, ಅದರಲ್ಲಿ ಎರಿ ಕಟ್ಟಿದ ಮೇಲೆ ಇನ್ನೊಂದು. ಎಂಟೂ ಎರಿಗಳನ್ನು ನೊಣ ಮುಚ್ಚಿದ ಮೇಲಷ್ಟೇ ಜೇನು ಕೋಣೆ ಇಡಲು ಹೇಳಿದ್ದೇನೆ. ಏಪ್ರಿಲ್‌ನಲ್ಲಿ ಜೇನು ತೆಗೆಯುವಾಗ ಸಂಸಾರ ಕೋಣೆಯ ಎರಿಗಳ ಮೇಲ್ತುದಿಯಲ್ಲಿರುವ ಜೇನಿಗೆ ಕೈ ಹಾಕಬೇಡ ಅಂತಲೂ ಹೇಳಿದ್ದೇನೆ. ಮಳೆಗಾಲದಲ್ಲಿ ನೊಣಗಳಿಗೆ ಮೊದಲು ಆಗಿ ಬರುವುದು ಅದೇ.