ಗರಸಿನ ಗುಂಡಿ ಮತ್ತೆ ಹೊಲವಾದದ್ದು

ನಮ್ಮ ಹೊಲ ಗದಗದಿಂದ ಕಪ್ಪತಗುಡ್ಡದ ಕಡೆ ಹೋಗುವ ದಾರಿಯಲ್ಲಿದೆ. ಮಸಾರಿ, ಅಂದರೆ ಕೆಂಪು ಮಣ್ಣು, ಒಂದು ಅಡಿ ಕೆಳಗೆ ಬರೀ ಗರಸು, ರಸ್ತೆಗೆ ಹಾಕುವ ಕಲ್ಲುಮಿಶ್ರಿತ ಗಟ್ಟಿ ಮಣ್ಣು. ರಸ್ತೆ ಅಗಲ ಮಾಡುವ ಕೆಲಸ ಬಂದಾಗ ಗುತ್ತಿಗೆದಾರನೊಬ್ಬ ಒಂದು ಎಕರೆ ಮಡ್ಡಿ ಕೇಳಿದ. ಅಲ್ಲಿ ಬೆಳೆ ಅಷ್ಟಕ್ಕಷ್ಟೇ, ಕೊಟ್ಟೆ. "ಕೆಲಸ ಮುಗಿದ ಮೇಲೆ ಸಪಾಟು ಮಾಡಿ ಕೊಡ್ತೀವಿ" ಅಂದ. ಹತ್ತು ಅಡಿ ಅಗೆದರು, ಹೋದರು. ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಗುಂಡಿಗಿಂತ ದೊಡ್ಡ ನಷ್ಟ ಬೇರೆ ಇತ್ತು. ಮೇಲಿನ ಒಂದು ಅಡಿ ಮಣ್ಣು ಮೊದಲ ದಿನವೇ ಟಿಪ್ಪರ್ ಹತ್ತಿ ಹೋಗಿತ್ತು. ಲೆಕ್ಕ ಹಾಕಿ ನೋಡಿ: ಎಕರೆಗೆ 43,560 ಚದರ ಅಡಿ. ಒಂದು ಅಡಿ ದಪ್ಪ ಮಣ್ಣು ಹರಡಬೇಕೆಂದರೆ 435 ಬ್ರಾಸ್ ಬೇಕು (ಒಂದು ಬ್ರಾಸ್ ಅಂದರೆ 100 ಘನ ಅಡಿ). ಟ್ರ್ಯಾಕ್ಟರಿಗೆ ಹೆಚ್ಚುಕಡಿಮೆ ಒಂದು ಬ್ರಾಸ್ ಹಿಡಿಯುತ್ತದೆ. ನಾನು ಈ ಲೆಕ್ಕ ಹಾಕಿದ್ದು ಗುಂಡಿ ಬಿದ್ದ ಮೇಲೆ!

ಮೊದಲು ಒಂದು ತಪ್ಪು ಮಾಡಿದೆ. ಪುಕ್ಕಟೆ ಸಿಗುತ್ತದೆ ಅಂತ ಕೆಡವಿದ ಕಟ್ಟಡದ ರದ್ದಿ ಹಾಕಿಸಿಕೊಂಡೆ. ಗಾಜು, ವೈರು, ಪ್ಲಾಸ್ಟಿಕ್ ಎಲ್ಲಾ ಬಂತು. ಎರಡು ಲೋಡಿಗೇ ನಿಲ್ಲಿಸಿದೆ. ಇವತ್ತಿಗೂ ಕುಂಟೆಗೆ ಗಾಜು ಸಿಗುತ್ತದೆ.

ಆಮೇಲೆ ಜೆಸಿಬಿ ತಂದು ದಂಡೆಯನ್ನು ಇಳಿಜಾರು ಮಾಡಿಸಿದೆ, ಒಂದು ಅಡಿ ಇಳಿತಕ್ಕೆ ಎರಡು ಅಡಿ ಅಗಲ. ನೆಟ್ಟಗೆ ನಿಂತ ದಂಡೆ ಮಳೆಗೆ ಕುಸಿಯುತ್ತದೆ, ಪಕ್ಕದವರ ಬದುವನ್ನೂ ಎಳೆದುಕೊಂಡು ಹೋಗುತ್ತದೆ. ನೀರು ನಿಂತಾಗ ಈಜಲು ಇಳಿದ ಹುಡುಗರು ಹತ್ತಿ ಬರಲಾಗದೆ ಸಾಯುವುದೂ ಇಂಥ ದಂಡೆಗಳಿಂದಲೇ. ಟಿಪ್ಪರ್ ಓಡಾಡಿ ತಳ ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಅದನ್ನು ಕೆದರಿಸಿದೆ. ಬೇಸಿಗೆಯಲ್ಲಿ ಊರ ಕೆರೆಯ ಹೂಳು ಎತ್ತುತ್ತಿದ್ದರು, 200 ಟ್ರ್ಯಾಕ್ಟರ್ ಹೊಡೆಸಿದೆ. ಅರ್ಧ ಅಡಿಯೂ ಆಗಲಿಲ್ಲ. ಹೂಳನ್ನು ಸುಮ್ನೆ ಹರಡಿ ಬಿಡಬಾರದು, ಗರಸಿನ ಜೊತೆ ಬೆರೆಯುವಂತೆ ಉಳಬೇಕು. ಇಲ್ಲದಿದ್ದರೆ ಬೇರು ಹೂಳು-ಗರಸು ಕೂಡುವ ಗೆರೆಯಲ್ಲೇ ನಿಲ್ಲುತ್ತದೆ. ಮೊದಲ ಮಳೆಗೆ ಸೆಣಬು ಬಿತ್ತಿ, ಹೂವಾಡುವ ಹೊತ್ತಿಗೆ ಹಸಿರು ಗೊಬ್ಬರವಾಗಲಿ ಅಂತ ಮಣ್ಣಿಗೆ ಸೇರಿಸಿದೆ. ಮುಂದಿನ ವರ್ಷ ಹುರುಳಿ, ಅದರ ಮುಂದಿನ ವರ್ಷ ಶೇಂಗಾ. ಇಳಿಜಾರಿಗೆ ಬೇವು, ಹೊಂಗೆ.

ಅಷ್ಟರಲ್ಲಿ ಪಂಚಾಯಿತಿ ಸದಸ್ಯನಾದೆ. ಊರ ದನ ಮೇಯುವ ಗಾಯರಾಣದಲ್ಲೂ ಗರಸು ತೆಗೆಯಲು ಗುತ್ತಿಗೆದಾರನೊಬ್ಬನ ಅರ್ಜಿ ಬಂತು. ಆಗ ಕಾಗದ ಓದಲು ಕಲಿತೆ. ಹೊಲ ಸ್ವಂತದ್ದಾದರೂ ಗರಸು ತೆಗೆದು ಮಾರಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಬೇಕು, ರಾಜಧನ (ರಾಯಲ್ಟಿ) ಕಟ್ಟಬೇಕು. ಇದಕ್ಕೆ ರಾಜ್ಯದ 1994ರ ಉಪಖನಿಜ ನಿಯಮಗಳಿವೆ. "ಸಣ್ಣ ಗುಂಡಿ, ಯಾರು ಕೇಳ್ತಾರೆ" ಅನ್ನುವ ಮಾತೂ ನಡೆಯುವುದಿಲ್ಲ. ಐದು ಹೆಕ್ಟೇರಿಗಿಂತ ಕಡಿಮೆ ಇದ್ದರೂ ಪರಿಸರ ಅನುಮತಿ ಬೇಕು ಅಂತ 2012ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಊರ ಕೆರೆಯ ಹೂಳೆತ್ತುವಂಥ ಕೆಲವು ಕೆಲಸಗಳಿಗೆ 2016ರಲ್ಲಿ ಅದರಿಂದ ವಿನಾಯಿತಿ ಕೊಟ್ಟರು.

ಪರವಾನಗಿ ಕೊಡುವುದು ಪಂಚಾಯಿತಿಯ ಕೈಯಲ್ಲಿಲ್ಲ. ಆದರೆ ಗ್ರಾಮಸಭೆಯ ಠರಾವನ್ನು ಯಾರೂ ಸುಲಭವಾಗಿ ಬದಿಗಿಡುವುದಿಲ್ಲ. ನಾವು ಠರಾವಿನ ಮೊದಲ ಸಾಲಿನಲ್ಲೇ ಬರೆದೆವು: ಮೇಲ್ಮಣ್ಣು ಬೇರೆ ರಾಶಿ ಹಾಕಬೇಕು, ಅದನ್ನು ಸಾಗಿಸಬಾರದು. ಆಮೇಲೆ ಆಳ, ಬೇಲಿ, ಬದುವಿನಿಂದ ಬಿಡಬೇಕಾದ ಜಾಗ. ಪ್ರತಿಯನ್ನು ತಹಶೀಲ್ದಾರರಿಗೂ ಗಣಿ ಇಲಾಖೆಗೂ ಕಳಿಸಿ ಸ್ವೀಕೃತಿ ಇಟ್ಟುಕೊಂಡೆವು. ತಿಂಗಳಿಗೊಮ್ಮೆ ಹಗ್ಗ ಹಿಡಿದು ಅಳೆದು, ಫೋಟೊ ತೆಗೆದೆವು. ಗಾಯರಾಣದ ಗುತ್ತಿಗೆದಾರ ಗೊಣಗಿದ, ಆದರೆ ಮೇಲ್ಮಣ್ಣು ರಾಶಿ ಹಾಕಿದ. ಆ ರಾಶಿ ಮಳೆಗೆ ಕೊಚ್ಚಿಹೋಗದಿರಲಿ ಅಂತ ಮೇಲೆ ಹುರುಳಿ ಚೆಲ್ಲಿದ್ದೇವೆ.

ನನ್ನ ಹೊಲದಲ್ಲಿ ಶೇಂಗಾ ಈಗಲೂ ಪಕ್ಕದ ಹೊಲದ ಅರ್ಧದಷ್ಟೇ ಬರುತ್ತದೆ. ಮೂಡಣ ಮೂಲೆಯಲ್ಲಿ ಗರಸು ಇನ್ನೂ ಕಾಣುತ್ತಿದೆ. ಈ ಬೇಸಿಗೆ ಕೆರೆ ಬತ್ತಿದರೆ ಅಲ್ಲಿಗೆ ಇನ್ನೊಂದು ಅರವತ್ತು ಟ್ರ್ಯಾಕ್ಟರ್ ಹೂಳು ಹೊಡೆಸಬೇಕು.