ವಾರಕ್ಕೆ 600 ರೂಪಾಯಿ, ಐದು ಜನ: ಕೆಂಗೇರಿ ಸುತ್ತ ನಮ್ಮ ಒಂದು ವರ್ಷದ ಭಾನುವಾರಗಳು

ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು ಅಂತಾರೆ. 2025ರ ಸಂಕ್ರಾಂತಿ ದಿನ ನಾನು, ಇನ್ನು ಭಾನುವಾರ ಮನೆಯ ಐದೂ ಜನ 600 ರೂಪಾಯಿ ಒಳಗೇ ಹೊರಗೆ ಸುತ್ತಿ ತಿಂದು ಬರೋದು ಅಂದೆ. ನನ್ನ ಭಾವಮೈದ ಎಳ್ಳುಬೆಲ್ಲ ಬಾಯಲ್ಲಿ ಇಟ್ಟುಕೊಂಡೇ ಹೇಳಿದ: "600 ರೂಪಾಯಿಗೆ ಐದು ಜನ ಹೊರಗೆ ಹೋಗಿ ತಿಂದು ಬರೋದಾ? ಭಾವ, ಒಂದು ತಿಂಗಳು ಮಾಡಿ ತೋರಿಸಿ, ಆಮೇಲೆ ಮಾತಾಡೋಣ."

ವರ್ಷ ಮುಗಿದಿದೆ. ಮನೆಯ ಕ್ಯಾಲೆಂಡರಿನಲ್ಲಿ ಮಗಳು ಟಿಕ್ ಹಾಕಿಟ್ಟಿದ್ದಾಳೆ. ಸುಮಾರು 40 ಭಾನುವಾರ ಹೊರಗೆ ಹೋಗಿದ್ದೇವೆ. ಅದರಲ್ಲಿ ಮೂವತ್ತು ಚಿಲ್ಲರೆ ಸಲ 600ರ ಒಳಗೇ ಮುಗಿದಿದೆ. ಮಿಕ್ಕ ಭಾನುವಾರಗಳ ಕಥೆಯನ್ನೂ ಹೇಳುತ್ತೇನೆ, ಪಾಠ ಕಲಿತಿದ್ದು ಅಲ್ಲೇ.

ನಮ್ಮ ಮನೆ ಬೆಂಗಳೂರಿನ ಕೆಂಗೇರಿ ಉಪನಗರದಲ್ಲಿ. ನಾನು, ಹೆಂಡತಿ, ಅಮ್ಮ, 11 ವರ್ಷದ ಮಗಳು, 7 ವರ್ಷದ ಮಗ. ಇದಕ್ಕೆ ಮುಂಚೆ ತಿಂಗಳಿಗೆ ಎರಡು ಸಲ ಮಾಲ್‌ಗೆ ಹೋಗುತ್ತಿದ್ದೆವು. ಒಂದು ಸಲಕ್ಕೆ ಎರಡು, ಎರಡೂವರೆ ಸಾವಿರ ಖಾಲಿ. ಅಮ್ಮನಿಗೆ ಅಲ್ಲಿ ತಿನ್ನುವುದಕ್ಕೆ ಏನೂ ಸಿಗುತ್ತಿರಲಿಲ್ಲ. ಬೆಂಚಿನ ಮೇಲೆ ಕೂತು ಎಸ್ಕಲೇಟರ್ ನೋಡುತ್ತಿದ್ದರು.

ಶುರು ಮಾಡಿದ್ದೇ ಕೆಟ್ಟ ಗಳಿಗೆ. ಆ ಜನವರಿಯಲ್ಲೇ ಬಸ್ ದರ ಶೇ 15ರಷ್ಟು ಏರಿತ್ತು. ಫೆಬ್ರವರಿಯಲ್ಲಿ ಮೆಟ್ರೊ ಏರಿತು. ಏಪ್ರಿಲ್‌ನಲ್ಲಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ. ಹಾಲು ಏರಿದ ಮೇಲೆ ಹೋಟೆಲ್ ಕಾಫಿ ಸುಮ್ನೆ ಕೂರುತ್ತದಾ?

ಮೊದಲ ಪೆಟ್ಟು ಮೆಟ್ರೊದಿಂದಲೇ ಬಿತ್ತು. 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂದಾಗಿನಿಂದ ನಾವು ಅದಕ್ಕೇ ಒಗ್ಗಿಹೋಗಿದ್ದೆವು. ಕಬ್ಬನ್ ಪಾರ್ಕ್ ಪುಕ್ಕಟೆ, ಹೋಗೋಣ ಅಂದೆ. ದರ ಏರಿದ ಮೇಲೆ ತಲೆಗೆ 60-70 ರೂಪಾಯಿ. ಮೂರು ಅಡಿ ದಾಟಿದ ಮಕ್ಕಳಿಗೂ ಪೂರ್ತಿ ಟಿಕೆಟ್. ಐದು ಜನ, ಹೋಗಿ ಬರಲು 600 ದಾಟಿತು. ಹೊಟ್ಟೆಗೆ ಬೀಳುವ ಮೊದಲೇ ಭಾನುವಾರಕ್ಕೆ ಅಂತ 600 ಹಾಕಿಟ್ಟ ಕವರ್ ಖಾಲಿ. ಹುಲ್ಲಿನ ಮೇಲೆ ಕೂತು ಮನೆಯಿಂದ ತಂದ ಚಿತ್ರಾನ್ನ ತಿಂದೆವು. ಹೆಂಡತಿ ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿರುತ್ತಿತ್ತು.

ಆಗ ಕಣ್ಣು ತೆರೆಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಸಾಮಾನ್ಯ ಬಸ್ಸಿನಲ್ಲಿ ಹೆಂಡತಿ, ಅಮ್ಮ, ಮಗಳು ಮೂವರಿಗೂ ಟಿಕೆಟ್ ದುಡ್ಡಿಲ್ಲ. ಕೊಡಬೇಕಾದ್ದು ನಾನು, ಅರ್ಧ ಟಿಕೆಟ್ ಮಗ. ನಮ್ಮಂಥ ಮನೆಗೆ ಬಸ್ಸೇ ದೇವರು. ಎಸಿ ಬಸ್ ಬಂದರೆ ಬಿಟ್ಟುಬಿಡಿ, ಅದರಲ್ಲಿ ಇದು ನಡೆಯಲ್ಲ. ಗಂಡು ಮಕ್ಕಳೇ ಜಾಸ್ತಿ ಇರುವ ಮನೆಯವರು ಲೆಕ್ಕ ಬೇರೆ ಹಾಕಿಕೊಳ್ಳಿ.

ಎರಡನೇ ತಪ್ಪು ರೀಲ್ಸ್ ನೋಡಿ ಹೋಟೆಲ್ ಆರಿಸಿದ್ದು. ಫೋನಿನಲ್ಲಿ ಬೆಣ್ಣೆ ಕರಗುತ್ತಿತ್ತು, ದೋಸೆ ಕೆಂಪಗೆ ಗರಿಗರಿ. ಅಲ್ಲಿ ಹೋದರೆ ಒಂದು ಗಂಟೆ ಕ್ಯೂ. ಕ್ಯೂನಲ್ಲಿ ಮಗ ಹಸಿವು ಅಂತ ಕೂಗಿ ಪಕ್ಕದ ಬೇಕರಿಯಲ್ಲಿ 140 ರೂಪಾಯಿಯ ಪಫ್ಸ್, ಜ್ಯೂಸ್ ಆಯಿತು. ಆಮೇಲೆ ದೋಸೆ ಅರ್ಧ ಬಿಟ್ಟ. ಇಂಥ ಭಾನುವಾರ ನಾಲ್ಕು ಹೋದವು. ಈಗ ಬೋರ್ಡೂ ನೋಡಲ್ಲ, ರೇಟಿಂಗೂ ನೋಡಲ್ಲ. ಬೆಳಗ್ಗೆ ಏಳೂವರೆಗೆ ಡ್ರೈವರ್, ಕಂಡಕ್ಟರ್‌ಗಳು ಎಲ್ಲಿ ನಿಂತು ತಿನ್ನುತ್ತಿದ್ದಾರೆ ಅಂತ ನೋಡುತ್ತೇನೆ. ಅವರಿಗೆ ಹತ್ತು ನಿಮಿಷ ಟೈಮು, ದಿನಾ ತಿನ್ನಬೇಕು, ಸ್ವಂತ ದುಡ್ಡು. ಹೊಟ್ಟೆ ಕೆಡಿಸುವ ಜಾಗಕ್ಕೆ ಅವರು ಎರಡನೇ ಸಲ ಹೋಗಲ್ಲ.

ಮೂರನೆಯದು ಸಂಜೆ ಹೊರಡುವ ಚಟ. ಇದನ್ನು ಬಿಡಿಸಲು ಮೂರು ತಿಂಗಳು ಬೇಕಾಯಿತು. ಸಂಜೆ ಹೋದರೆ ಗೋಬಿ, ಪಾನಿಪುರಿ, ಐಸ್‌ಕ್ರೀಮ್, ಬಲೂನ್. ಯಾವುದೂ 50ಕ್ಕಿಂತ ಜಾಸ್ತಿ ಅಲ್ಲ, ಆದರೆ ಎಲ್ಲ ಸೇರಿ 900. ಬೆಳಗ್ಗೆ ಎಂಟಕ್ಕೆ ಇದ್ಯಾವುದೂ ತೆಗೆದಿರುವುದಿಲ್ಲ! ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲು ಸುಮಾರು ನಾಲ್ಕು ಸಾವಿರ ಖರ್ಚಾಯಿತು. ಈಗ ಏಳಕ್ಕೆ ಮನೆ ಬಿಟ್ಟು, ತಿಂಡಿ ಹೊರಗೆ ತಿಂದು, ಎರಡು ಮೂರು ಗಂಟೆ ಸುತ್ತಿ, ಮಧ್ಯಾಹ್ನದ ಊಟಕ್ಕೆ ಮನೆಗೆ. ಹನ್ನೊಂದು ಗಂಟೆಗೆ ಐಸ್‌ಕ್ರೀಮ್ ಗಾಡಿ ಕಾಣುತ್ತದೆ ನಿಜ. ಆಗ ಮಗನಿಗೆ ನಾನು ಒಂದು ಮಾತು ಹೇಳುತ್ತೇನೆ, ಅವನು ಸುಮ್ಮನಾಗುತ್ತಾನೆ. ಆ ಮಾತು ಇಲ್ಲಿ ಬರೆಯಲ್ಲ. ಅವನು ಈಗ ಕನ್ನಡ ಚೆನ್ನಾಗಿ ಓದುತ್ತಾನೆ.

ದುಡ್ಡಿನ ವಿಷಯ. ಶನಿವಾರ ರಾತ್ರಿ ಕವರಿನಲ್ಲಿ 600 ಹಾಕಿಡುತ್ತೇನೆ. ನೂರರ ನೋಟು ನಾಲ್ಕು, ಮಿಕ್ಕಿದ್ದೆಲ್ಲ ಹತ್ತು ಇಪ್ಪತ್ತರದು. ನನ್ನ ಫೋನ್ ಮನೆಯಲ್ಲಿ. ಹೆಂಡತಿಯ ಫೋನ್ ಬ್ಯಾಗಿನಲ್ಲಿರುತ್ತದೆ, ಆಸ್ಪತ್ರೆಯಂಥ ಅವಸರಕ್ಕೆ ಮಾತ್ರ. ಸ್ಕ್ಯಾನ್ ಮಾಡುವಾಗ ದುಡ್ಡು ಹೋಗಿದ್ದೇ ಗೊತ್ತಾಗಲ್ಲ, ಕವರ್ ತೆಳ್ಳಗಾಗುವುದು ಮಕ್ಕಳಿಗೂ ಕಾಣುತ್ತದೆ. ಇದಕ್ಕೂ ಭಾವಮೈದ ನಕ್ಕಿದ್ದ, "ಯಾವ ಕಾಲದಲ್ಲಿದ್ದೀರಾ ಭಾವ" ಅಂತ. ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದು ಗಲಾಟೆ ಆಯಿತಲ್ಲ, ಎಷ್ಟೋ ಸಣ್ಣ ಅಂಗಡಿಯವರು ಕ್ಯೂಆರ್ ಬೋರ್ಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದರು. ಆ ವಾರ ಅವನು ಒಂದು ಟೀಗೆ ನನ್ನ ಹತ್ತಿರ 20 ರೂಪಾಯಿ ಸಾಲ ಕೇಳಿದ. ಕೊಟ್ಟೆ. ವಾಪಸ್ ಬಂದಿಲ್ಲ.

ಇನ್ನು ಆರ್ಡರ್ ಮಾಡುವ ಕ್ರಮ. ಉಳಿತಾಯದ ಅರ್ಧ ಇಲ್ಲೇ ಇದೆ. ಮೊದಲು ನಾವು ಕೌಂಟರಿನಲ್ಲಿ ಒಟ್ಟಿಗೆ ಐದು ಜನರಿಗೆ ಐದು ಐಟಂ ಹೇಳುತ್ತಿದ್ದೆವು. ಮಗ ಕಾಲು ಭಾಗ ತಿಂದು ಬಿಡುತ್ತಿದ್ದ, ಅದನ್ನು ನಾನು ತಿಂದು ಹೊಟ್ಟೆ ಭಾರ. ಈಗ ಎರಡು ಸುತ್ತು. ಮೊದಲ ಸುತ್ತಿಗೆ ಮೂರೇ ಪ್ಲೇಟ್: ಎರಡು ಇಡ್ಲಿ-ವಡೆ, ಒಂದು ಖಾರಾಬಾತ್. ಅದು ಮುಗಿಯುವವರೆಗೆ ಯಾರೂ ಬೋರ್ಡ್ ನೋಡಬಾರದು. ಮುಗಿದ ಮೇಲೆ ಹಸಿವು ಉಳಿದಿದ್ದರೆ ಮಗಳು ಟೋಕನ್ ತರುತ್ತಾಳೆ, ಒಂದು ಮಸಾಲೆ ದೋಸೆ, ಒಂದು ಸೆಟ್ ದೋಸೆ. ಕೊನೆಗೆ ಕಾಫಿ, ಬೈಟು. ನಮ್ಮ ಕಡೆ ದರ್ಶಿನಿಗಳಲ್ಲಿ ಇಷ್ಟಕ್ಕೆ 340ರಿಂದ 390 ಬೀಳುತ್ತದೆ. ಐದು ಮಸಾಲೆ ದೋಸೆ, ನಾಲ್ಕು ಕಾಫಿ ಅಂತ ಹೇಳಿದ್ದರೆ 450 ದಾಟುತ್ತದೆ, ಜೊತೆಗೆ ವೇಸ್ಟು.

ಅಮ್ಮ ನಮ್ಮ ಇನ್‌ಸ್ಪೆಕ್ಟರ್. ಇಡ್ಲಿ ಬಂದ ಕೂಡಲೇ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಒತ್ತಿದ ಗುಳಿ ಮೇಲೆದ್ದು ಬಂದರೆ ಸರಿ. ಬರಲಿಲ್ಲ ಅಂದರೆ "ನಿನ್ನೆ ಹಿಟ್ಟು ಕಣೋ." ಬಾಯಲ್ಲಿಟ್ಟ ಮೇಲೆ ಎರಡನೇ ತೀರ್ಪು, "ಸೋಡ ಜಾಸ್ತಿ." ಅಮ್ಮ ಸೋಡ ಅಂದ ಕಡೆ ನಾವು ಮತ್ತೆ ಹೋಗಿಲ್ಲ. ಆರು ಜಾಗ ಹೀಗೇ ಬಿಟ್ಟೆವು.

ನಡುವೆ ಒಂದು ಹುಚ್ಚು ಪ್ರಯೋಗ ಮಾಡಿದೆವು. ಮಗಳಿಗೆ ಶಾಲೆಯಲ್ಲಿ ಗ್ರಾಂ, ಕಿಲೋ ಪಾಠ ನಡೆಯುತ್ತಿತ್ತು. ನಾಲ್ಕು ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದು ಅಡುಗೆಮನೆಯ ತಕ್ಕಡಿಯಲ್ಲಿಟ್ಟೆವು. ಚಿಕ್ಕದು 45 ಗ್ರಾಂ ಇರಬೇಕು, ದೊಡ್ಡದು 70 ಚಿಲ್ಲರೆ. ಮಜಾ ಏನೆಂದರೆ ದೊಡ್ಡ ಇಡ್ಲಿಯ ಹೋಟೆಲಿನಲ್ಲೇ ಪ್ಲೇಟಿಗೆ 5 ರೂಪಾಯಿ ಕಡಿಮೆ. ಮಗಳು ನೋಟ್‌ಬುಕ್ಕಿನಲ್ಲಿ ರೂಪಾಯಿಗೆ ಎಷ್ಟು ಗ್ರಾಂ ಅಂತ ಪಟ್ಟಿ ಬರೆದಳು. ವಡೆಯನ್ನೂ ತೂಗಿದೆವು, ಅದು ಲೆಕ್ಕಕ್ಕೆ ಸಿಗಲಿಲ್ಲ. ಒಂದೇ ಹೋಟೆಲಿನಲ್ಲಿ ಏಳು ಗಂಟೆಯ ವಡೆ ಬೇರೆ, ಹತ್ತು ಗಂಟೆಯ ವಡೆ ಬೇರೆ. ಬೆಳಗಿನ ಕೈ ಧಾರಾಳ ಅನ್ನಿಸುತ್ತದೆ.

ಪಾರ್ಸೆಲ್‌ಗೆ ಡಬ್ಬಿ ಚಾರ್ಜು 5-10 ರೂಪಾಯಿ ಹಾಕುತ್ತಾರೆ ಅಂತ ಸ್ಟೀಲ್ ಡಬ್ಬಿ ಒಯ್ದೆ. ಒಂದು ಕಡೆ ಕ್ಯಾಶಿಯರ್ ಎಲ್ಲರ ಮುಂದೆ ಬೈದ. ಇನ್ನೊಂದು ಕಡೆ ಡಬ್ಬಿ ತುಂಬ ಸಾಂಬಾರ್ ಹಾಕಿ ಕೊಟ್ಟರು, ರಾತ್ರಿ ಅನ್ನಕ್ಕೂ ಆಯಿತು. ಡಬ್ಬಿ ಈಗಲೂ ಬ್ಯಾಗಿನಲ್ಲಿದೆ.

ಸುತ್ತುವ ಜಾಗಗಳು ನಿಮಗೆಲ್ಲ ಗೊತ್ತಿರುವವೇ. ಜ್ಞಾನಭಾರತಿ ಕ್ಯಾಂಪಸ್ ನಮಗೆ ಹಿತ್ತಲಿದ್ದಂತೆ, ಬೇಗ ಹೋದರೆ ನವಿಲು ಕೂಗುವುದು ಕೇಳುತ್ತದೆ. ಓಂಕಾರ ಬೆಟ್ಟದ ದ್ವಾದಶ ಜ್ಯೋತಿರ್ಲಿಂಗದ ಹತ್ತಿರ ಗಾಳಿ ಚೆನ್ನಾಗಿದೆ, ಅಮ್ಮನಿಗೆ ದೇವರೂ ಆಯಿತು. ತುರಹಳ್ಳಿ ಕಾಡು ಮಕ್ಕಳಿಗೆ ಇಷ್ಟ, ಅಮ್ಮನ ಮಂಡಿಗೆ ಕಷ್ಟ. ಉಳ್ಳಾಲ, ಮಲ್ಲತ್ತಹಳ್ಳಿ ಕೆರೆಗಳು ಒಂದೊಂದು ಸಲಕ್ಕೆ ಸರಿ. ಕೊಳಚೆ ಹರಿಯುವ ವೃಷಭಾವತಿ ಹೊಳೆ ಪಕ್ಕ ಹೋಗುವಾಗ ಮೂಗು ಮುಚ್ಚಿಕೊಳ್ಳಿ, ತಿಂದ ಇಡ್ಲಿ ಒಳಗೇ ಇರಲಿ.

ದೊಡ್ಡ ಆಲದ ಮರದಲ್ಲಿ ಮಾತ್ರ ಸೋತೆವು. ಮೂರು ಎಕರೆ ಹರಡಿದ ಮರ, ಮೂಲ ಬೇರು ಯಾವಾಗಲೋ ಸತ್ತುಹೋಗಿ ಈಗ ಬಿಳಲುಗಳೇ ನಿಂತಿವೆ. ಮಗ "ಇದು ಒಂದೇ ಮರ ಅಲ್ಲ, ಸುಳ್ಳು" ಅಂತ ವಾದಕ್ಕೆ ನಿಂತ. ನಾನು ಬಿಳಲು ತೋರಿಸಿ ವಿವರಿಸುತ್ತಿದ್ದೆ. ಹಿಂದಿನಿಂದ ಕೋತಿ ಬಂದು ತಿಂಡಿಯ ಚೀಲವನ್ನೇ ಎತ್ತಿಕೊಂಡು ಹೋಯಿತು, 210 ರೂಪಾಯಿಯ ಇಡ್ಲಿ ವಡೆ ಸಮೇತ. ಬರುವಾಗ ಬಸ್ ತಪ್ಪಿತು, ಆಟೊ ಹಿಡಿದೆವು. ಆ ದಿನದ ಲೆಕ್ಕ 1,100. ಅಂದಿನಿಂದ ನಿಯಮ ಒಂದೇ, ತಿಂಡಿ ಮೊದಲು ಹೊಟ್ಟೆಗೆ, ಆಮೇಲೆ ಜಾಗ.

ತಟ್ಟೆ ಇಡ್ಲಿಯ ಬಿಡದಿ ನಮ್ಮ ಕಿರೀಟ. ಮೊದಲ ಸಲ ಕೆಂಗೇರಿ ಸ್ಟೇಷನ್ನಿಗೆ ಹೋದರೆ ನಾನು ಅಂದುಕೊಂಡಿದ್ದ ರೈಲು ಭಾನುವಾರ ಇಲ್ಲ. ತಪ್ಪು ನನ್ನದೇ, ಟೈಮ್ ಟೇಬಲ್ ಪೂರ್ತಿ ನೋಡಿರಲಿಲ್ಲ. ಎರಡನೇ ಸಲ ಸರಿಯಾಗಿ ನೋಡಿಕೊಂಡು ಹೋದೆ. ಪ್ಯಾಸೆಂಜರ್ ರೈಲಿನ ಕನಿಷ್ಠ ದರ ಕೋವಿಡ್ ಕಾಲದಲ್ಲಿ 30 ಆಗಿದ್ದು 2024ರಲ್ಲಿ ಮತ್ತೆ 10ಕ್ಕೆ ಇಳಿದಿದೆ. ದೊಡ್ಡವರು ಮೂವರು, ಅರ್ಧ ಟಿಕೆಟ್ ಎರಡು, ಹೋಗಲು 40, ಬರಲು 40. ಹೆಜ್ಜಾಲ ದಾಟಿದರೆ ಬಿಡದಿ ಬಂದೇ ಬಿಡುತ್ತದೆ. ಮಕ್ಕಳಿಗೆ ಇನ್ನೂ ದೂರ ಇರಬಾರದಾ ಅನ್ನಿಸುತ್ತದೆ.

ಹಳೇ ರಸ್ತೆಯ ಬದಿಯ ಒಂದು ಸಣ್ಣ ಹೋಟೆಲು. ಹಬೆ ಪೆಟ್ಟಿಗೆಯ ಬಾಗಿಲು ತೆಗೆದಾಗ ಮಗನ ಕನ್ನಡಕ ಮಂಜಾಯಿತು. ಒಳಗೆ ಒಂದರ ಮೇಲೊಂದು ತಟ್ಟೆ. ಅವರು ಅಂಚು ಬಿಡಿಸಿ, ಇಡ್ಲಿಯನ್ನು ಎಲೆ ಮೇಲೆ ಜಾರಿಸಿ, ಮೇಲೆ ಬೆಣ್ಣೆಯ ಉಂಡೆ ಇಟ್ಟರು. ಉಂಡೆ ನಿಧಾನಕ್ಕೆ ಜರುಗಿ ಚಟ್ನಿಗೆ ಬಿತ್ತು. ಅಮ್ಮ ಒತ್ತಿ ನೋಡಿದರು. ಎದ್ದು ಬಂತು. ಏನೂ ಹೇಳದೆ ತಿಂದರು, ಇನ್ನೊಂದು ತರಿಸಿಕೊಂಡರು. ಆರು ತಟ್ಟೆ ಇಡ್ಲಿ, ಎರಡು ವಡೆ, ಕಾಫಿ, ರೈಲು ಎಲ್ಲ ಸೇರಿ 400ರ ಆಸುಪಾಸು.

ಇನ್ನೊಂದು ಜಾಗ ಇದೆ, ಮುದ್ದೆ, ಬಸ್ಸಾರು ಸಿಗುವ ಮೆಸ್ಸು, ಉಪನಗರದಿಂದ ನಡೆದು ಹೋಗುವಷ್ಟು ಹತ್ತಿರ. ಇರುವುದು ನಾಲ್ಕೇ ಟೇಬಲ್. ಹೆಸರು ಹೇಳಲ್ಲ. ಹೇಳಿದರೆ ಮುಂದಿನ ಭಾನುವಾರ ನಮಗೇ ಜಾಗ ಸಿಗಲ್ಲ.

ಡಿಸೆಂಬರಿನಲ್ಲಿ ಭಾವಮೈದ ತಾನೂ ಬಿಡದಿಗೆ ಬರುತ್ತೇನೆ ಅಂದ. "ರೈಲು ಗೀಲು ಬೇಡ ಭಾವ, ನಾನು ಕಾರಲ್ಲಿ ನಿಮಗಿಂತ ಮೊದಲೇ ಅಲ್ಲಿರ್ತೀನಿ." ನಾವು ಹೋಗಿ, ತಿಂದು, ಎರಡನೇ ಸುತ್ತಿಗೆ ಕಾಯುತ್ತಿರುವಾಗ ಹೆಂಡತಿಯ ಫೋನ್ ರಿಂಗಾಯಿತು. ಮೈಸೂರು ಎಕ್ಸ್‌ಪ್ರೆಸ್‌ವೇ ಹಿಡಿದಿದ್ದಾನೆ. ಅದು ಬಿಡದಿಯನ್ನು ಹೊರಗಿಟ್ಟು ಬೈಪಾಸ್‌ನಲ್ಲಿ ಹೋಗುತ್ತದೆ ಅನ್ನುವುದು ಮರೆತಿದ್ದಾನೆ. "ಅಕ್ಕಾ, ಬಿಡದಿ ಎಲ್ಲಿ ಹೋಯ್ತು? ನಾನು ರಾಮನಗರದ ಹತ್ತಿರ ಇದೀನಿ." ಕಟ್ಟಿದ ಟೋಲ್ 160 ದಾಟಿತಂತೆ. ಆ ದುಡ್ಡಲ್ಲಿ ನಾವು ಐದು ಜನ ಎರಡು ಸಲ ರೈಲಿನಲ್ಲಿ ಬಂದು ಹೋಗಬಹುದಿತ್ತು.

ಅವನಿಗೆ ಎರಡು ಇಡ್ಲಿ ಡಬ್ಬಿಯಲ್ಲಿ ಹಾಕಿಸಿಕೊಂಡು ಬಂದೆ. ದುಡ್ಡು ಕವರಿನಿಂದಲೇ ಕೊಟ್ಟೆ. ಮಗಳು ನೋಟ್‌ಬುಕ್ಕಿನಲ್ಲಿ "ಮಾವ: 70 + ಹಳೇ ಬಾಕಿ 20" ಅಂತ ಬರೆದಿಟ್ಟಿದ್ದಾಳೆ.